ಸಾವಂತ್ರೆವ್ವ ಕೀಲಿ ಹಾಕಿದ ಶನಿವಾರ

ಸಾವಂತ್ರೆವ್ವನ ಬಗ್ಗೆ ಬರೆಯುವಾಗ ಸಿಟ್ಟನ್ನು ಬದಿಗಿಟ್ಟು ಬರೆಯಬೇಕೆಂದು ಮೂರು ಸಲ ಕೂತೆ. ಆಗಲಿಲ್ಲ. ಈಗ ಸಿಟ್ಟನ್ನೂ ಪಕ್ಕದಲ್ಲಿ ಕೂಡ್ರಿಸಿಕೊಂಡೇ ಬರೆಯುತ್ತಿದ್ದೇನೆ. ಈ ಹೆಂಗಸಿನ ದೆಸೆಯಿಂದ ಏಳು ವರ್ಷ ನಮ್ಮ ಶಾಲೆಯ ಹುಡುಗರು ನನಗೆ ‘ನಾಲಿಗಿ ಅಕ್ಕೋರು’ ಎಂದು ಹೆಸರಿಟ್ಟಿದ್ದರು. ಮಾತಾಡುತ್ತಿದ್ದ ಮಗುವೊಂದು ನಾನು ಬೈದದ್ದಕ್ಕೆ ಮೂಕಾಯಿತಂತೆ. ನಾನು ಬೈಯುವವಳು ಹೌದು. ಭೂಗೋಳ ಕಲಿಸುವವರು ಬೈಯದಿದ್ದರೆ ಹುಡುಗರು ಕೃಷ್ಣೆಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿಬಿಡುತ್ತಾರೆ. ಆದರೆ ಮಗುವಿನ ನಾಲಿಗೆ ಕೀಳುವಷ್ಟು ಬೈದವಳಲ್ಲ. ಕಿತ್ತದ್ದು ಏನು, ಯಾರಿಂದ ಎಂಬುದು ಸಾವಂತ್ರೆವ್ವನೊಬ್ಬಳಿಗೇ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಗೋಪನಕೊಪ್ಪದ ಕಡೆಯ ಒಂದು ಸರಕಾರಿ ಪ್ರೌಢಶಾಲೆ. ನನ್ನ ಹೆಸರು ಶಿವಲಿಂಗವ್ವ. ಸಾವಂತ್ರೆವ್ವ ಅಲ್ಲಿ ಸಿಪಾಯಿ. ಮೊದಲು ಅವಳ ಗಂಡ ಹನುಮಪ್ಪ ಆ ಕೆಲಸದಲ್ಲಿದ್ದ. ತೊಂಬತ್ನಾಲ್ಕರಲ್ಲಿ ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟ. ಅನುಕಂಪದ ಮೇಲೆ ಅವಳಿಗೆ ನೌಕರಿ ಸಿಕ್ಕಿತು. ಹೆಬ್ಬಳ್ಳಿಯ ಹೆಣ್ಣುಮಗಳು, ಏಳನೇ ಇಯತ್ತೆ ಪಾಸು. ಮೈಯಲ್ಲಿ ಹಿಡಿ ಮಾಂಸವಿರಲಿಲ್ಲ, ಆದರೆ ದನಿ ಮಾತ್ರ ಎತ್ತು ಹೊಡೆಯುವವರ ದನಿ. ಮೈದಾನದ ಆಚೆ ಕಬಡ್ಡಿ ಆಡುವ ಹುಡುಗರನ್ನು ವರಾಂಡದಲ್ಲಿ ನಿಂತೇ ಒಳಗೆ ಕರೆಯುತ್ತಿದ್ದಳು. ಶಾಲೆಯ ಗಂಟೆ ಕಳುವಾದಾಗ ಹೆಡ್ ಮಾಸ್ತರರು ಎರಡು ತಿಂಗಳು ಹೊಸದು ತರಿಸಲಿಲ್ಲ, ಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಅವಳ ಒಬ್ಬನೇ ಮಗ ಅಂಬರೀಷ. ನೋಡಲು ಲಕ್ಷಣವಾದ ಹುಡುಗ, ಆದರೆ ನಿಮ್ಮ ಮುಖ ನೋಡುತ್ತಿರಲಿಲ್ಲ. ನಿಮ್ಮ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಹೆಸರು ಹಿಡಿದು ಕರೆದರೆ ‘ಓ’ ಎನ್ನುವ ಪದ್ಧತಿಯೇ ಅವನಿಗಿರಲಿಲ್ಲ. ಕಿವಿ ಮಂದವೇನಲ್ಲ, ಎರಡು ಓಣಿ ಆಚೆ ಬಸ್ಸು ತಿರುಗಿದರೆ ಎದ್ದು ನಿಲ್ಲುತ್ತಿದ್ದ. ಮಾತು ಸ್ವಲ್ಪ ಇತ್ತು. ಅವ್ವಾ, ನೀರು, ಬ್ಯಾಡ. ಮಿಕ್ಕದ್ದೆಲ್ಲ ಕಂಡಕ್ಟರು ಕೂಗುವ ಊರುಗಳ ಹೆಸರು. ಒಂದನ್ನೂ ಬಿಡದೆ, ಸಾಲು ತಪ್ಪದೆ. ಕನ್ನಡ ಶಾಲೆಗೆ ಸೇರಿಸಿದರು, ಹದಿನೈದೇ ದಿನಕ್ಕೆ ತಿರುಗಿ ಕಳಿಸಿದರು. ಆಟಿಸಂ ಎಂಬ ಶಬ್ದ ಆಗಿನ್ನೂ ನಮ್ಮ ಸ್ಟಾಫ್ ರೂಮಿಗೆ ಬಂದಿರಲಿಲ್ಲ. ನಾವು ‘ಅರೆಬರೆ’ ಎನ್ನುತ್ತಿದ್ದೆವು. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ಸಿಟ್ಟಿನ ಭರದಲ್ಲಿ ಅದನ್ನು ಮರೆಮಾಚಬಾರದು.

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ತಾಯಿ ಅವನನ್ನು ತನ್ನ ಜೊತೆಗೇ ಕರೆತರುತ್ತಿದ್ದಳು. ನಕಾಶೆಗಳನ್ನಿಡುವ ಖೋಲಿ ಅವನಿಗೆ ಪ್ರಾಣ. ಸುರುಳಿ ಸುತ್ತಿದ ನಕಾಶೆಗಳ ಹಿಂದೆ, ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ಕೂಡುತ್ತಿದ್ದ. ಅಲ್ಲಿ ತಂಪು, ಕತ್ತಲು, ಗದ್ದಲವಿಲ್ಲ. ನಕಾಶೆ ಬಿಚ್ಚಿ ಹರವಿದ್ದಕ್ಕೆ ನಾನು ಬೈಯುತ್ತಿದ್ದೆ. ಶನಿವಾರ ಮಾತ್ರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ, ಪಕ್ಕದ ಮನೆಯ ಗುಲ್ಜಾರಬಿ ಬಂದು ಅವನನ್ನು ಮನೆಗೆ ಕರೆದೊಯ್ಯುತ್ತಿದ್ದಳು. ಸಾವಂತ್ರೆವ್ವನಿಗೆ ಕಸ ಹೊಡೆದು ಎಲ್ಲ ಖೋಲಿಗಳಿಗೆ ಕೀಲಿ ಹಾಕುವ ಕೆಲಸವಿರುತ್ತಿತ್ತು.

ಕೀಲಿ ಹಾಕುವುದರಲ್ಲಿ ಅವಳದೊಂದು ರೀತಿ. ಹನುಮಪ್ಪನಿಂದ ಕಲಿತದ್ದು. ಪ್ರತಿ ಬಾಗಿಲಲ್ಲಿ ನಿಂತು “ಒಳಗ ಯಾರರ ಅದೀರೇನು?” ಎಂದು ಒಮ್ಮೆ ಕೂಗಬೇಕು. ಉತ್ತರ ಬರದಿದ್ದರೆ ಬಾಗಿಲೆಳೆದು ಕೀಲಿ ಹಾಕಿ, ಒಂದು ಸಲ ಜಗ್ಗಿ ನೋಡಿ ಮುಂದಿನ ಬಾಗಿಲಿಗೆ ಹೋಗಬೇಕು. ನಲವತ್ತು ಹುಡುಗರ ತರಗತಿಗೆ ಅದು ಸಾಕು. ಬೆಂಚಿನ ಮೇಲೆ ನಿದ್ದೆ ಹೋದವನೂ ಆ ದನಿಗೆ ಧಡಕ್ಕನೆ ಎದ್ದು “ಬಂದೇರಿ” ಎನ್ನುತ್ತಿದ್ದ.

ಎಲ್ಲ ಆದದ್ದು ತೊಂಬತ್ತೇಳರ ಮಾರ್ಚ್ ತಿಂಗಳ ಒಂದು ಶನಿವಾರ. ಅವಳು ಏಳು ವರ್ಷ ಅಡಗಿಸಿಟ್ಟದ್ದನ್ನು ನಾನು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವ ಕಲೆ ನನಗೆ ಬರುವುದಿಲ್ಲ. ಹೋಳಿಯ ದಿನಗಳು. ಶಾಲೆಯ ಗೋಡೆಗೆ ಹತ್ತಿದಂತೆಯೇ ಓಣಿಯವರು ಕಾಮಣ್ಣನನ್ನು ಕೂಡ್ರಿಸಿದ್ದರು. ಬೆಳಗಾದರೆ ಸಾಕು ಹಲಗೆ ವಾದ್ಯದ ಬಡಿತ. ಗದ್ದಲಕ್ಕೆ ಹೆದರುವ ಹುಡುಗ ನಕಾಶೆಗಳ ಹಿಂದೆ ಸೇರಿಕೊಂಡಿದ್ದ. ಗುಲ್ಜಾರಬಿ ಆ ದಿನ ಬರಲಿಲ್ಲ, ದಾರಿಯಲ್ಲಿ ಹುಡುಗರು ಬಣ್ಣ ಎರಚುತ್ತಾರೆಂದು ಮನೆಯಲ್ಲೇ ಉಳಿದಿದ್ದಳು. ಅವಳು ಎಂದಿನಂತೆ ಬಂದು ಹುಡುಗನನ್ನು ಕರೆದೊಯ್ದಿದ್ದಾಳೆಂದೇ ಸಾವಂತ್ರೆವ್ವ ತಿಳಿದಳು. ನಕಾಶೆ ಖೋಲಿಯ ಬಾಗಿಲಲ್ಲಿ ನಿಂತೂ ಒಮ್ಮೆ ಕೂಗಿದಳು. ಕೂಗಿ, ಕೀಲಿ ಹಾಕಿ, ಜಗ್ಗಿ ನೋಡಿ ಹೋದಳು. ಒಳಗಿದ್ದ ಹುಡುಗ ‘ಓ’ ಎನ್ನುವವನಲ್ಲ. ಅದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ.

ಮನೆಗೆ ಹೋದರೆ ಹುಡುಗನಿಲ್ಲ. ಉಣಕಲ್ ಕೆರೆಯ ದಂಡೆ, ರೈಲು ಹಳಿ, ಬಸ್ ನಿಲ್ದಾಣ ಎಲ್ಲ ಹುಡುಕಿದರು. ಬಸ್ಸೆಂದರೆ ಅವನಿಗೆ ಹುಚ್ಚಾದ್ದರಿಂದ ನಿಲ್ದಾಣದಲ್ಲೇ ಎರಡು ತಾಸು ಕಳೆಯಿತು. ಹೊತ್ತು ಇಳಿಯುವಾಗ ಅವಳಿಗೆ ಹೊಳೆದು, ಒಬ್ಬಳೇ ಶಾಲೆಗೆ ಓಡಿ ಬಂದು ಬಾಗಿಲು ತೆಗೆದಳು. ಆರು ತಾಸು ಆಗಿತ್ತು. ಕಿಟಕಿಗಳೂ ಮುಚ್ಚಿದ್ದವು. ಹೊರಗೆ ಆರು ತಾಸೂ ಹಲಗೆ ಬಡಿದಿದ್ದರು. ಹುಡುಗ ಚೀರಿದ್ದರೆ ಅದು ಯಾರ ಕಿವಿಗೂ ಬೀಳುವಂತಿರಲಿಲ್ಲ. ಬಾಗಿಲ ಕೆಳಭಾಗದಲ್ಲಿ ಉಗುರಿನ ಗೀರುಗಳಿದ್ದವು. ಮುಂಗೈಯನ್ನು ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದ, ಚಡ್ಡಿ ತೊಯ್ದಿತ್ತು. ತಾಯಿ ಎತ್ತಿಕೊಳ್ಳಲು ಬಾಗಿದರೆ ಮತ್ತೆ ಸಂದಿಯೊಳಗೆ ಸರಿದ.

ಮಗನನ್ನು ಕರೆತರುವಾಗ ಮನೆಯ ಮುಂದೆ ಅವಳ ಮೈದುನ ನಿಂತಿದ್ದ. ಅಣ್ಣ ಸತ್ತಾಗ ಆ ನೌಕರಿ ತನಗೆ ಬರಬೇಕಿತ್ತು ಎಂಬುದು ಅವನ ಹೊಟ್ಟೆಯೊಳಗಿನ ಉರಿ. ಮೂರು ವರ್ಷದಿಂದ ಒಂದೇ ರಾಗ ಹಾಡುತ್ತಿದ್ದ. “ಹೆತ್ತ ಮಗನ್ನ ಕಾಯಾಕ ಬರದಾಕಿ ಸರಕಾರದ ಸಾಲಿ ಏನ್ ಕಾಯ್ತಾಳ?” ಅಂದೂ ಅದನ್ನೇ ಅಂದ. “ಎಲ್ಲಿ ಸಿಕ್ಕಾ?” ಎಂದು ಕೇಳಿದ.

“ಸಾಲಿ ಹಿಂದಿನ ಗ್ವಾಡಿ ಮಗ್ಗಲ ಕುಂತಿದ್ದಾ. ಮುಂಜಾನಿ ಭೂಗೋಳದ ಅಕ್ಕೋರು ಭಾಳ ಬೈದಿದ್ರು. ಹೆದರಿ ಓಡಿ ಹೋಗ್ಯಾನ” ಎಂದಳು ಸಾವಂತ್ರೆವ್ವ. ಹೀಗೆ ನನ್ನ ಹೆಸರು ಸೇರಿಕೊಂಡಿತು. ಬೆಳಿಗ್ಗೆ ನಾನು ಬೈದದ್ದೂ ನಿಜ, ಹತ್ತು ಜನ ಕೇಳಿದ್ದರು. ಸುಳ್ಳಿಗೆ ಸಾಕ್ಷಿ ಹುಡುಕುವ ಕಷ್ಟವೇ ಬರಲಿಲ್ಲ.

ಹುಡುಗ ಮಾತು ಬಿಟ್ಟ. ಒಂದು ವಾರದಲ್ಲಿ ಇದ್ದ ಮೂರು ಮಾತೂ ಹೋದವು, ಊರುಗಳ ಹೆಸರೂ ಹೋದವು. ಬಾಗಿಲು ಮುಚ್ಚಿದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಚಾವಿಗಳ ಸಪ್ಪಳಕ್ಕೆ ನಡುಗುತ್ತಿದ್ದ. ತಾಯಿ ಚಾವಿ ಗೊಂಚಲನ್ನು ಹಳೆ ಅರಿವೆಯಲ್ಲಿ ಸುತ್ತಿ ಶಾಲೆಯಲ್ಲೇ ಇಟ್ಟು ಬರತೊಡಗಿದಳು. ಮನೆಯ ಬಾಗಿಲಿನ ಅಗುಳಿ, ಕೊಂಡಿ ಎಲ್ಲ ಕೀಳಿಸಿದಳು. ಮನೆಯೋ ಹಗಲು ರಾತ್ರಿ ತೆರೆದೇ ಇರುತ್ತಿತ್ತು, ನೌಕರಿಯೋ ದಿನಕ್ಕೆ ಹದಿನಾಲ್ಕು ಕೀಲಿ ಹಾಕುವುದು. ಹಾಕುವಾಗ ಈಗ ಪ್ರತಿ ಖೋಲಿಯ ಒಳಗೆ ಹೊಕ್ಕು, ಬೆಂಚುಗಳ ಕೆಳಗೆ ಬಗ್ಗಿ, ಕಪಾಟುಗಳ ಹಿಂದೆ ಕೈಯಾಡಿಸಿ ನೋಡುತ್ತಿದ್ದಳು. ಇಷ್ಟು ತಪಾಸಣೆ ಯಾಕೆ ಎಂದು ನಾವು ನಗುತ್ತಿದ್ದೆವು. ಕೆಲಸ ಬಿಡುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಬಾಯಿಬಿಟ್ಟರೆ ನೌಕರಿ ಮೈದುನನಿಗೆ ಹೋಗುತ್ತದೆ, ಮಗನನ್ನು ಅವನೇ ಎಲ್ಲೋ ಕೂಡಿ ಹಾಕುತ್ತಾನೆ ಎಂದು ನಂಬಿದ್ದಳು. ಕಾನೂನು ಹಾಗಿಲ್ಲ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಆದರೆ ನನ್ನನ್ನು ಕೇಳುವ ಬಾಯಿಯನ್ನು ಅವಳು ಆ ಶನಿವಾರ ಸಂಜೆಯೇ ಹೊಲಿದುಕೊಂಡಿದ್ದಳು.

ಮೈದುನನ ಮನೆಯಲ್ಲಿದ್ದ ಅವಳ ಅತ್ತೆ ಹುಡುಗನಿಗೆ ಗಾಳಿ ಬಡಿದಿದೆ ಎಂದು ಅಮ್ಮಿನಬಾವಿಯ ಕಡೆ ಯಾರದೋ ಹತ್ತಿರ ಒಯ್ದು ತಾಯತ ಕಟ್ಟಿಸಿದಳು, ಬೇವಿನ ಸೊಪ್ಪಿನಿಂದ ಬಡಿಸಿದಳು. ಡಾಕ್ಟರೊಬ್ಬರು ಬುದ್ಧಿಮಾಂದ್ಯ ಎಂದು ನಿದ್ದೆಯ ಗುಳಿಗೆ ಕೊಟ್ಟರು. ಯಾರು ಕೇಳಿದರೂ ತಾಯಿ ಹೇಳುವುದು ಒಂದೇ. “ಅಕ್ಕೋರು ಬೈದಿದ್ರು.”

ಹುಡುಗನನ್ನು ಶಾಲೆಗೆ ಕರೆತರುವುದು ನಿಂತಿತು, ಹಗಲೆಲ್ಲ ಅವನನ್ನು ಗುಲ್ಜಾರಬಿ ನೋಡಿಕೊಳ್ಳುತ್ತಿದ್ದಳು. ಅವಳು ಹೊಸ್ತಿಲಲ್ಲಿ ಕೂತು ಕೌದಿ ಹೊಲಿಯುವವಳು. ಹಳೆ ಸೀರೆಯ ತುಂಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವುದು ಅಂಬರೀಷನ ಕೆಲಸ. ಸಂಜೆಯವರೆಗೆ ಒಂದು ಸದ್ದಿಲ್ಲ. ಐದು ಗಂಟೆಗೆ ತಾಯಿ ಓಣಿಯ ತುದಿಗೆ ಬರುವಳು. ದಿನವಿಡೀ ಮಗನ ಮುಖ ನೋಡದವಳು, ಅಲ್ಲಿಂದಲೇ “ಅಂಬರೀ” ಎಂದು ಕರೆಯುತ್ತ ಬರುವಳು. ಅವಳು ಮನೆ ಮುಟ್ಟುವಷ್ಟರಲ್ಲಿ ಹುಡುಗ ಮಂಚದ ಕೆಳಗೆ ಹೊಕ್ಕು ಕೈ ಕಚ್ಚಿಕೊಳ್ಳುತ್ತಿರುತ್ತಿದ್ದ. ಪ್ರತಿ ದಿನವೂ ಇದೇ. ತಾಯಿಯನ್ನು ಕಂಡರೆ ಹೀಗೆ ಮಾಡುತ್ತಾನೆಂದರೆ ಅವಳು ಹೊಡೆಯುತ್ತಿರಬೇಕು ಎಂದು ಓಣಿಯವರು ಆಡಿಕೊಂಡರು. ನಾನೂ ಹಾಗೇ ತಿಳಿದೆ, ನಿಜ ಹೇಳಬೇಕೆಂದರೆ ತಿಳಿದು ಸ್ವಲ್ಪ ಖುಷಿಯನ್ನೂ ಪಟ್ಟೆ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಅವನಿಗೆ ಹದಿನೈದು ವರ್ಷ. ಆಳೆತ್ತರ ಬೆಳೆದಿದ್ದ, ತೋಳಿನಲ್ಲಿ ಗಂಡಸಿನ ಬಲ. ಒಂದು ಸಂಜೆ ತಾಯಿ ಬರುವ ಹೊತ್ತಿಗೆ ಅಡ್ಡ ಬಂದ ಗುಲ್ಜಾರಬಿಯನ್ನು ನೂಕಿ ಓಡಿದ. ಮುದುಕಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೈದುನ ಓಣಿಯ ಪಂಚರನ್ನು ಕೂಡಿಸಿದ. ಇವನನ್ನು ಎಲ್ಲಾದರೂ ಕೂಡಿ ಹಾಕಬೇಕು ಎಂದು ತೀರ್ಮಾನವಾಯಿತು. ಗುಲ್ಜಾರಬಿಯೊಬ್ಬಳೇ, ಕೈಗೆ ಕಟ್ಟು ಕಟ್ಟಿಸಿಕೊಂಡು ಬಂದು, “ಅಂವ ನನ್ನ ದೂಡಲಿಲ್ಲ, ಯಾವುದರಿಂದನೋ ಓಡಿ ಹೊಂಟಿದ್ದಾ, ನಾ ನಡಬರಕ ಸಿಕ್ಕೆ” ಎಂದಳು. ಅವಳ ಮಾತನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಅದಕ್ಕೆ ಮುಂಚೆ ಒಮ್ಮೆ ತೋರಿಸೋಣವೆಂದು ತಾಯಿ ಕರೆದೊಯ್ದಾಗ, ಧಾರವಾಡದ ಮಾನಸಿಕ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಜಯಮಾಲಾ ಎಂಬ ಹುಡುಗಿ ಅವನನ್ನು ನೋಡಿ, ಇದು ಆಟಿಸಂ ಎಂದು ಮೊದಲ ಬಾರಿ ಹೆಸರು ಹೇಳಿದಳು. ಆದರೆ ಎಂಟು ವರ್ಷದವರೆಗೆ ಇದ್ದ ಮಾತು ಒಂದೇ ವಾರದಲ್ಲಿ ಹೋಗಿದೆ ಎಂದರೆ ಏನೋ ನಡೆದಿದೆ ಎಂದಳು. ತಾಯಿ ತನ್ನ ಹಳೆಯ ಪಾಠ ಒಪ್ಪಿಸಿದಳು. ಹಾಗಾದರೆ ಆ ಶಿಕ್ಷಕಿಯನ್ನು ಕರೆತನ್ನಿ ಎಂದು ಚೀಟಿ ಬರೆದು ಕೊಟ್ಟಳು ಡಾಕ್ಟರು.

ಚೀಟಿ ನನ್ನ ಕೈಗೆ ಬಂದಾಗ ಮೈಯೆಲ್ಲ ಉರಿಯಿತು. ಆದರೂ ಹೋದೆ. ನಾಲ್ಕು ಜನರೆದುರು ಒಮ್ಮೆ ಇತ್ಯರ್ಥವಾಗಲಿ ಎಂಬ ಹಟ. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಬಸ್ಸಿನಲ್ಲಿ ನಾವಿಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಹುಡುಗ ಬಾಗಿಲ ಹತ್ತಿರದ ಕಂಬ ಹಿಡಿದುಕೊಂಡು ನಿಂತೇ ಬಂದ. ಬಾಗಿಲು ಮುಚ್ಚಿಕೊಂಡ ಪ್ರತಿ ಸಲ ಅವನ ಬೆರಳ ಗೆಣ್ಣು ಬೆಳ್ಳಗಾಗುವುದನ್ನು ನಾನು ನೋಡಿದೆ. ನಾನು ಹತ್ತಿರ ಕೂತು ಅವನನ್ನು ನೋಡಿದ್ದು ಏಳು ವರ್ಷದಲ್ಲಿ ಅದೇ ಮೊದಲು. ನನ್ನ ಕಡೆ ಅವನು ಹೆದರಿ ನೋಡಲಿಲ್ಲ. ನನ್ನ ಬೈಗುಳಕ್ಕೆ ಬೆದರಿದ ಹುಡುಗ ನನ್ನನ್ನು ಕಂಡು ಹೆದರಬೇಕಿತ್ತಲ್ಲ ಎಂದು ಆಗ ಅನ್ನಿಸಿತು.

ಡಾಕ್ಟರ ಖೋಲಿಯ ಬಾಗಿಲನ್ನು ತೆರೆದೇ ಇಟ್ಟಿದ್ದರು. ಹುಡುಗ ಹೊಸ್ತಿಲ ಬಳಿ ನೆಲದ ಮೇಲೆ ಕೂತು ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದ. ಏನು ಬೈದಿರಿ, ಹೊಡೆದಿರಾ ಎಂದು ಡಾಕ್ಟರು ನನ್ನನ್ನು ಕೇಳಿದಳು. ನನ್ನ ಅರ್ಧ ವಯಸ್ಸಿನವಳಿಗೆ, ನಕಾಶೆ ಹರವಿದ್ದಕ್ಕೆ ಬೈದೆ, ಕೈ ಮುಟ್ಟಿಸಲಿಲ್ಲ, ಹೊರಗೆ ಅಟ್ಟಲಿಲ್ಲ ಎಂದು ಆರೋಪಿಯ ಹಾಗೆ ಹೇಳಿದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಸಾವಂತ್ರೆವ್ವನ ಕಡೆ ತಿರುಗಿದಳು.

“ನೋಡ್ರಿ ಅವ್ವಾರ, ಕಾರಣ ಗೊತ್ತಾಗದ ನಾ ಏನೂ ಮಾಡಾಕ ಬರೂದಿಲ್ಲ. ಇನ್ನೊಬ್ಬರಿಗೆ ಪೆಟ್ಟ ಆಗೇತಿ. ಸದ್ಯಕ್ಕ ಒಂದ ತಿಂಗಳಾ ಒಳಗಿನ ವಾರ್ಡಿನ್ಯಾಗ ಇಟ್ಕೊಂಡು ಗುಳಿಗಿ ಹೆಚ್ಚ ಮಾಡ್ತೇವಿ.”

“ಒಳಗಿನ ವಾರ್ಡು ಅಂದ್ರ?” ಸಾವಂತ್ರೆವ್ವ ಕೇಳಿದಳು. “ಬಾಗಲಾ ಹಾಕ್ತಾರೇನ್ರಿ?”

“ಹಾಕಬೇಕಾಗ್ತದ.”

“ಹೊರಗಿಂದ? ಕೀಲಿ?”

“ಹೌದ್ರಿ. ಸಹಿ ಮಾಡ್ರಿ ಇಲ್ಲೆ.”

ಸಾವಂತ್ರೆವ್ವ ಪೆನ್ನು ತೆಗೆದುಕೊಂಡಳು. ಕಾಗದ ನೋಡಿದಳು, ಮಗನನ್ನು ನೋಡಿದಳು. ಪೆನ್ನನ್ನು ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆನಿಕೊಂಡಳು. “ಅಕ್ಕೋರದು ಏನೂ ತಪ್ಪಿಲ್ರಿ” ಎಂದಳು. “ನಾ ಕೀಲಿ ಹಾಕಿದೆ. ಹೆತ್ತಾಕಿ ನಾನ ಹಾಕೇನಿ. ಆರ ತಾಸ.”

ಆಮೇಲೆ ಅವಳನ್ನು ತಡೆಯಲಾಗಲಿಲ್ಲ. ಮೇಲೆ ನಾನು ಬರೆದದ್ದೆಲ್ಲ ಅಂದು ಅವಳ ಬಾಯಿಂದ ಬಂದದ್ದೇ. ಹಲಗೆ, ಉಗುರಿನ ಗೀರು, ತೊಯ್ದ ಚಡ್ಡಿ, ಯಾವುದನ್ನೂ ಬಿಡಲಿಲ್ಲ. ಅಳಲೂ ಇಲ್ಲ. ಹೇಳುತ್ತ ಹೇಳುತ್ತ ಅವಳು ಧಾರವಾಡವನ್ನು ಮರೆತಳು, ನಮ್ಮನ್ನು ಮರೆತಳು. ಆ ಬಾಗಿಲ ಮುಂದೆಯೇ ನಿಂತಂತೆ ಕೈ ಎತ್ತಿದಳು. “ನಾ ಕರದೇನ್ರಿ, ಕರೀದ ಕೀಲಿ ಹಾಕಿಲ್ಲ. ಗುಲ್ಜಾರಬಿ ಒಯ್ದಾಳ ಅನಕೊಂಡ್ರೂ, ಅದು ಇವನ ಖೋಲಿ ಅಂತ ಅಲ್ಲೆ ಮಾತ್ರ ಇವನ ಹೆಸರ ಹಿಡದ ಕರದೆ. ಹಿಂಗ” ಎಂದು, ಮೈದಾನದ ಆಚೆಗೆ ಕೇಳಿಸುವ ತನ್ನ ದನಿಯಲ್ಲಿ, “ಅಂಬರೀ, ಒಳಗ ಅದೀಯೇನೋ?” ಎಂದು ಕೂಗಿದಳು.

ಹೊಸ್ತಿಲ ಬಳಿ ಚಪ್ಪಲಿಗಳು ಚೆಲ್ಲಾಪಿಲ್ಲಿಯಾದವು. ಹುಡುಗ ಓಡುವುದಕ್ಕೂ ಆಗದೆ ಡಾಕ್ಟರ ಮೇಜಿನ ಕೆಳಗೆ ತೂರಿ, ಮೊಣಕಾಲಿನೊಳಗೆ ತಲೆ ಹುದುಗಿಸಿ ಮುಂಗೈ ಕಚ್ಚಿಕೊಂಡ. ಅಷ್ಟು ದೊಡ್ಡ ದೇಹ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಬಾಗಿಲು ತೆರೆದೇ ಇತ್ತು. ಚಾವಿ ಇರಲಿಲ್ಲ, ಹಲಗೆ ಇರಲಿಲ್ಲ. ತಾಯಿ ಕರೆದಿದ್ದಳು, ಅಷ್ಟೇ.

ಡಾಕ್ಟರು ಕುರ್ಚಿಯಿಂದೆದ್ದು ಮೇಜಿನ ಕೆಳಗೆ ಬಗ್ಗಿ ಹುಡುಗನನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. “ದಿನಾ ಸಂಜಿಕೆ ಮನಿಗೆ ಬರೂವಾಗ ಹಿಂಗ ಕರಕೋತ ಬರ್ತೀರೇನು?”

ಸಾವಂತ್ರೆವ್ವ ಮೇಜಿನ ಕೆಳಗಿದ್ದ ಮಗನನ್ನು ನೋಡಿ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.  ನನಗೂ ಅದೇ ಕ್ಷಣದಲ್ಲಿ ತಿಳಿಯಿತು. ಆ ಹುಡುಗನ ಪಾಲಿಗೆ ತಾಯಿ ಹೆಸರು ಹಿಡಿದು ಕರೆದಳೆಂದರೆ ಮುಂದೆ ಬಾಗಿಲು ಮುಚ್ಚುತ್ತದೆ. ಏಳು ವರ್ಷ ದಿನವೂ ಐದು ಗಂಟೆಗೆ ಅವಳು ಅಕ್ಕರೆಯಿಂದ ಕರೆಯುತ್ತ ಬರುತ್ತಿದ್ದಳು. ಏಳು ವರ್ಷ ದಿನವೂ ಅವನು ಆ ಖೋಲಿಯೊಳಗೆ ಹೋಗಿ ಬೀಳುತ್ತಿದ್ದ.

ಡಾಕ್ಟರು ಸಹಿಯ ಕಾಗದವನ್ನು ಹರಿದಳು. ಈ ಮಕ್ಕಳಿಗೆ ನಮಗಿಂತ ಬೇಗ ಪೆಟ್ಟು ತಾಗುತ್ತದೆ, ಆದದ್ದನ್ನು ಹೇಳಲು ಬಾರದ್ದರಿಂದ ಅದು ಒಳಗೇ ಉಳಿಯುತ್ತದೆ, ನಾವು ಅದನ್ನು ಹಟ ಎನ್ನುತ್ತೇವೆ ಎಂದಳು. ವಾಸಿಯಾಗಲು ವರ್ಷಗಳೇ ಬೇಕಾದೀತು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದಳು. ಕೊನೆಗೆ, “ಅವ್ವಾರ, ಮೊದಲ ಇದೊಂದ ಮಾಡ್ರಿ. ಹೆಸರ ಹಿಡದ ಕೂಗಬ್ಯಾಡ್ರಿ. ಎದುರಿಗೆ ಹೋಗಿ ಸುಮ್ಮನ ನಿಂದರ್ರಿ. ಅಂವ ತಾನ ನೋಡಲಿ” ಎಂದಳು.

“ಎಷ್ಟ ದಿನಾ ರೀ?”

“ಹೇಳಾಕ ಬರೂದಿಲ್ಲ.”

“ಮಗನ್ನ ಕರೀದ ಹ್ಯಾಂಗ ಇರೂದ್ರಿ ತಾಯಿ?” ಎಂದಳು ಸಾವಂತ್ರೆವ್ವ. 

ದವಾಖಾನೆಯ ಮೆಟ್ಟಿಲಲ್ಲಿ ನಾನು ಕೇಳಿಯೇಬಿಟ್ಟೆ. “ನನ್ನ ಮ್ಯಾಲ್ಯಾಕ ಹಾಕಿದಿ? ನಾ ನಿನಗೇನ ಮಾಡಿದ್ದೆ?”

ಅವಳು ಕಣ್ಣು ತಪ್ಪಿಸಲಿಲ್ಲ. “ನಿಮಗ ಯಾರೇನ ಮಾಡ್ತಾರ ಅಕ್ಕೋರ? ಬೈತಾರ, ಅಷ್ಟ. ನೀವ ತಡಕೋತೀರಿ. ನಾ ತಡಕೊಳ್ಳಾಕಿ ಅಲ್ರಿ.”

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಶಿಕ್ಷಕರ ಮುಂದೆ ನಿಂತು ಅವಳು ಅದನ್ನು ಮತ್ತೊಮ್ಮೆ ಹೇಳಿದಳು. ಹೆಡ್ ಮಾಸ್ತರರು ಚಾವಿಗಳನ್ನು ತಾವೇ ಇಟ್ಟುಕೊಂಡರು. ಮೈದುನ ಅರ್ಜಿ ಬರೆದ, ಆ ಅರ್ಜಿ ಎಲ್ಲಿಗೂ ಹೋಗಲಿಲ್ಲ. ಅವಳು ಹೆದರಿದ್ದ ಯಾವ ಸಂಗತಿಯೂ ನಡೆಯಲಿಲ್ಲ ಎಂಬುದೇ ನನಗೆ ಈಗಲೂ ತಡೆಯಲಾಗದ ಸಿಟ್ಟು. ಅವಳನ್ನು ಕ್ಷಮಿಸಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ.

ಆ ವರ್ಷ ದಸರೆಯ ರಜೆಗೆ ಮುಂಚೆ ಒಂದು ಸಂಜೆ, ಗುಲ್ಜಾರಬಿಯ ಕೈ ಹೇಗಿದೆ ನೋಡೋಣವೆಂದು ಆ ಓಣಿಗೆ ಹೋಗಿದ್ದೆ. ಅವಳ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಐದು ಗಂಟೆಯಾಯಿತು. ಓಣಿಯ ತುದಿಯಲ್ಲಿ ಸಾವಂತ್ರೆವ್ವ ಕಾಣಿಸಿದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬರುತ್ತಿದ್ದಳು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ತನ್ನ ಮನೆಯ ಬಾಗಿಲ ಹೊರಗೆ ನಿಂತಳು. ಒಳಗೆ ಮಗ ಬೆನ್ನು ಮಾಡಿಕೊಂಡು ಬಟ್ಟೆಯ ತುಂಡುಗಳನ್ನು ವಿಂಗಡಿಸುತ್ತ ಕೂತಿದ್ದ. ಒಂದು ಮಾತಿಗೆ ತಿರುಗುವಷ್ಟು ಹತ್ತಿರದಲ್ಲಿದ್ದ. ಬಾಗಿಲಿಗೆ ಅಗುಳಿಯೂ ಇರಲಿಲ್ಲ. ಅವಳು ಒಳಗೆ ಕಾಲಿಡಲಿಲ್ಲ, ಕರೆಯಲಿಲ್ಲ. ನನ್ನ ಚಹಾ ಮುಗಿಯಿತು, ಗುಲ್ಜಾರಬಿ ಇನ್ನೊಂದು ಬಟ್ಟಲು ತಂದಳು, ಅದೂ ತಣ್ಣಗಾಯಿತು. ಸಾವಂತ್ರೆವ್ವ ನಿಂತೇ ಇದ್ದಳು.